ತಟ್ಟೆಯಲ್ಲಿ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ

ಯಾರು ಏನು ತಿಂದರು, ಏನು ಬಿಟ್ಟರು ಎಂಬುದರ ಮೇಲೆ ಮನುಷ್ಯರನ್ನು ಅಳೆಯುವ ಚಾಳಿ ನಮ್ಮ ನಾಡಿನದಷ್ಟೇ ಅಲ್ಲ. ಕ್ರಿ.ಶ. 57ರ ಸುಮಾರಿಗೆ ಪೌಲ ರೋಮಾಪುರದ ಸಭೆಗೆ ಪತ್ರ ಬರೆಯುವಾಗ ಅಲ್ಲೂ ಇದೇ ತಕರಾರು. ಕೆಲವರು ಕಾಯಿಪಲ್ಯ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ, ಕೆಲವರಿಗೆ ಯಾವುದೂ ವರ್ಜ್ಯವಲ್ಲ. ತಿನ್ನುವವರಿಗೆ ತಿನ್ನದವರ ಮೇಲೆ ತಾತ್ಸಾರ, ತಿನ್ನದವರಿಗೆ ತಿನ್ನುವವರ ಮೇಲೆ ಸಿಟ್ಟು. ಪೌಲ ಇಬ್ಬರನ್ನೂ ತಡೆದ. ಆಳು ಲೆಕ್ಕ ಒಪ್ಪಿಸುವುದು ತನ್ನ ಯಜಮಾನನಿಗೆ, ಪಕ್ಕದ ಮನೆಯವನಿಗಲ್ಲ ಎಂಬುದು ಅವನ ವಾದ.

ಇದೇ ಪೌಲ ಅಂತಿಯೋಕ್ಯದಲ್ಲಿ ಸುಮ್ಮನಿರಲಿಲ್ಲ. ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ ಪೇತ್ರ, ಯೆಹೂದ್ಯ ವಿಶ್ವಾಸಿಗಳಾದ ಯಾಕೋಬನ ಕಡೆಯವರು ಬಂದ ಮೇಲೆ ಅಂಜಿ ದೂರ ಸರಿದ. ಬಾರ್ನಬನೂ ಅವನ ಹಿಂದೆ ಹೋದ. ಪಂಕ್ತಿಭೇದ ಹೇಗೆ ಚುಚ್ಚುತ್ತದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೌಲ ಎಲ್ಲರೆದುರೇ ಪೇತ್ರನನ್ನು ಖಂಡಿಸಿದ.

ಎರಡೂ ಊಟದ ಸಂಗತಿಯೇ. ರೋಮಿನವರು ನೋಡುತ್ತಿದ್ದದ್ದು ತಟ್ಟೆಯೊಳಗೆ, ಪೌಲ ನೋಡಿದ್ದು ತಟ್ಟೆಯ ಮುಂದೆ ಕೂತವರನ್ನು. ಅದಕ್ಕೇ ಎಲ್ಲಿ ಸಹಿಸಬೇಕು, ಎಲ್ಲಿ ಸಹಿಸಬಾರದು ಎಂಬುದು ಅವನಿಗೆ ಹೊಳೆಯಿತು. ಸೆರೆಯಲ್ಲಿದ್ದು ಫಿಲಿಪ್ಪಿಯವರಿಗೆ ಬರೆದಾಗಲೂ ಅವರ ಪ್ರೀತಿ ವಿವೇಕದೊಂದಿಗೆ ಬೆಳೆಯಲಿ ಎಂದೇ ಅವನು ಪ್ರಾರ್ಥಿಸಿದ.

ನಮ್ಮ ಸಭೆಗಳಲ್ಲಿ ಹೂವು, ಬಳೆಗಳೂ ತಕರಾರಿಗೆ ಸಾಕು. ಮುಡಿದವಳ ವಿಶ್ವಾಸದ ಬಗ್ಗೆ ಅನುಮಾನ, ಮುಡಿಯದವಳಿಗೆ ಅತಿಭಕ್ತೆ ಎಂಬ ಮೂದಲಿಕೆ. ಒಂದು ಸ್ತ್ರೀಯರ ಕೂಟಕ್ಕೆ ಹೊಸದಾಗಿ ಮದುವೆಯಾದ ಹುಡುಗಿ ತಲೆತುಂಬ ಮಲ್ಲಿಗೆ ಮುಡಿದು ಬಂದಳು. ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಗೀತೆಗಳ ಪುಸ್ತಕ ಹಂಚುತ್ತಿದ್ದ ಹಿರಿಯಕ್ಕ ಒಬ್ಬರು, ಅವಳು ಪುಸ್ತಕಕ್ಕೆ ಎಡಗೈ ಚಾಚಿದ್ದನ್ನು ನೋಡಿದರು. ಬಲಗೈ ಸೆರಗಿನಡಿ ಇತ್ತು. ಅಲ್ಲಿ ಏನೂ ಕೇಳಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ "ಸ್ವಲ್ಪ ಒಳಗೆ ಬಾಮ್ಮ" ಎಂದು ಕರೆದುಕೊಂಡು ಹೋದರು. ಮಣಿಕಟ್ಟು ಊದಿ ನೀಲಿಗಟ್ಟಿತ್ತು. ತಿರುಚಿದವನು ಗಂಡ, ಪ್ರತಿ ಭಾನುವಾರ ಕಾಣಿಕೆ ತಟ್ಟೆ ಹಿಡಿದು ಸಾಲಿಂದ ಸಾಲಿಗೆ ಬರುತ್ತಿದ್ದವನು.

ಅಕ್ಕ ಮೊದಲು ಅವಳನ್ನು ಕರೆದುಕೊಂಡು ಡಾಕ್ಟರ ಬಳಿ ಹೋದರು, ಆಮೇಲೆ ಗಂಡನ ಬಳಿ. ತೀರ್ಪು ಮಾಡಬಾರದೆಂದು ಯೇಸುವೇ ಹೇಳಿದ್ದಾನಲ್ಲ ಎಂದು ಅವನು ವಚನವನ್ನೇ ಅಡ್ಡ ಹಿಡಿದ. ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಮತ್ತಾಯನ ಏಳನೆಯ ಅಧ್ಯಾಯವನ್ನು ಅಷ್ಟಕ್ಕೇ ಮುಚ್ಚಿಡಲಾಗದು. ಕುರಿಯ ವೇಷದ ತೋಳಗಳ ಎಚ್ಚರಿಕೆಯೂ ಅಲ್ಲೇ ಇದೆ, ಫಲದಿಂದ ಮರವನ್ನು ಗುರುತಿಸುವ ಮಾತೂ ಅಲ್ಲೇ ಇದೆ. ನಮ್ಮ ಕಣ್ಣಿನ ತೊಲೆ ತೆಗೆಯಬೇಕಾದದ್ದು ಸಹೋದರನ ಕಣ್ಣಿನ ರವೆಯನ್ನು ಅಲ್ಲೇ ಬಿಡುವುದಕ್ಕಲ್ಲ, ನೋಯದಂತೆ ತೆಗೆಯುವುದಕ್ಕೆ. ಕಣ್ಣಿಗೆ ಕೈ ಹಾಕುವವರ ಉಗುರು ಎಷ್ಟು ಮೊಂಡಾಗಿರಬೇಕು!

ಅಕ್ಕ ಹುಡುಗಿಯನ್ನು ತವರಿಗೆ ಬಿಟ್ಟುಬಂದರು. ಸಭೆಯ ಹಿರಿಯರಿಗೆ ಹೇಳಿ ಅವನ ಕೈಯಿಂದ ಕಾಣಿಕೆ ತಟ್ಟೆ ತೆಗೆಸಿದರು. ಅವನು ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ತಿಂಗಳುಗಳ ಮೇಲೆ, ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಲು ಅವನು ಒಪ್ಪಿದಾಗ ಜೊತೆಗೆ ಬಸ್ಸು ಹತ್ತಿದವರೂ ಅವರೇ. ಹುಡುಗಿ ಮಾತ್ರ ಇನ್ನೂ ತವರಿನಲ್ಲಿದ್ದಾಳೆ. ವಾಪಸು ಹೋಗು ಎಂದು ಅಕ್ಕ ಒಂದು ದಿನವೂ ಹೇಳಿಲ್ಲ.