ಮಲ್ಲಿಪಟ್ಟಣದಿಂದ 615ನೇ ನಂಬರಿನ ಬಸ್ಸಿಗೆ

ನಮ್ಮೂರು ಮಲ್ಲಿಪಟ್ಟಣಕ್ಕೆ ಹೋದಾಗಲೆಲ್ಲ ಕಾಲೇಜು ಓದುವ ಮಕ್ಕಳು ಸುತ್ತ ಕೂತು ಒಂದೇ ಮಾತು ಕೇಳುತ್ತಾರೆ: "ಅಕ್ಕಾ, ಡೆಲ್ಲಿಯ ಜೆಎನ್‌ಯುನಲ್ಲಿ ನಿಮಗೆ ಸೀಟು ಹೆಂಗೆ ಸಿಕ್ತು?" ಒಲೆ ಮುಂದೆ ಕೂತು ಹೇಳುವಷ್ಟು ಉದ್ದದ ಕತೆ ಅದು. ಕೇಳಿ.

2003ನೇ ಇಸವಿ. ಹಾಸನದ ಸರ್ಕಾರಿ ಕಲಾ ಕಾಲೇಜಿನಲ್ಲಿ ನನ್ನದು ಕನ್ನಡ ಮಾಧ್ಯಮದ ಬಿ.ಎ., ಕೊನೆಯ ವರ್ಷ. ಬರದ ಕಾಲ. ಅಪ್ಪನ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ತರಲೂ ಸಾಲ ಮಾಡಬೇಕಿತ್ತು. ಬಿ.ಎ. ಮುಗಿದರೆ ಬಿ.ಎಡ್., ಅದಾಗದಿದ್ದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಂಥ ಹೊತ್ತಿನಲ್ಲಿ ಇತಿಹಾಸದ ಮೇಷ್ಟ್ರು ಒಂದು ಅರ್ಜಿ ತರಿಸಿಕೊಟ್ಟರು. ಎಂ.ಎ. ಇತಿಹಾಸ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ನವದೆಹಲಿ.

ಅಪ್ಪ ಅರ್ಜಿಯನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಅವರೂರಿನ ಮಕ್ಕಳನ್ನ ಬಿಟ್ಟು ನಮ್ಮೂರೋರಿಗೆ ಯಾಕವ್ವ ಕೊಡ್ತಾರೆ ಸೀಟು?"

ತಪ್ಪು ಪ್ರಶ್ನೆಯೇನಲ್ಲ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲೂ ಅರ್ಧ ಸೀಟು ಸ್ವಂತ ರಾಜ್ಯದವರಿಗೆ, ಇನ್ನರ್ಧ ಹೊರಗಿನವರಿಗೆ ಎಂಬ ಲೆಕ್ಕವಿತ್ತು. ಆದರೆ ಜೆಎನ್‌ಯು ಕೇಂದ್ರದ ವಿಶ್ವವಿದ್ಯಾಲಯ. ಅಲ್ಲಿ ದೆಹಲಿಯವರಿಗೆಂದು ಸೀಟು ಕಟ್ಟಿಟ್ಟಿರಲಿಲ್ಲ. ಅದಕ್ಕಿಂತ ದೊಡ್ಡ ವಿಷಯವನ್ನು ಮೇಷ್ಟ್ರು ನಮ್ಮ ಜಗಲಿ ಮೇಲೆ ಕೂತು ಬಿಡಿಸಿ ಹೇಳಿದರು. ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಇಷ್ಟು ಅಂತ ಹೆಚ್ಚುವರಿ ಅಂಕ, ಹೆಣ್ಣುಮಕ್ಕಳಾದರೆ 5 ಅಂಕ. 1983ರಲ್ಲಿ ಕೈಬಿಟ್ಟಿದ್ದ ಈ ಪದ್ಧತಿಯನ್ನು ವಿದ್ಯಾರ್ಥಿಗಳು ಹೋರಾಡಿ 1994ರಲ್ಲಿ ಮರಳಿ ತಂದಿದ್ದರು. ಯಾವ ಜಿಲ್ಲೆ ಹಿಂದುಳಿದಿದೆ ಎಂದು ಅಳೆಯುವುದು ಹೇಗೆ? ಓದು ಬಲ್ಲ ಹೆಂಗಸರು ಎಷ್ಟು, ಬೇಸಾಯ ಬಿಟ್ಟು ಬೇರೆ ಕೆಲಸದವರು ಎಷ್ಟು, ಭೂಮಿಯ ಇಳುವರಿ ಎಷ್ಟು, ಕಕ್ಕಸಿಲ್ಲದ ಮನೆ ಎಷ್ಟು ಎಂಬ ಲೆಕ್ಕದ ಮೇಲೆ.

ಅಜ್ಜಿ ನಕ್ಕಿದ್ದೇ ನಕ್ಕಿದ್ದು. "ಕಕ್ಕಸಿಲ್ದೋರಿಗೆ ಮಾರ್ಕು ಕೊಡೋ ಸ್ಕೂಲೂ ಐತಾ? ಹೋಗವ್ವ, ಅವರಿಗೆ ನಮ್ಮ ಕಷ್ಟ ಗೊತ್ತದೆ." ಅಪ್ಪನಿಗೆ ಆಮೇಲೆ ಎದುರಾಡಲು ದಾರಿ ಉಳಿಯಲಿಲ್ಲ.

ಕಷ್ಟವಿದ್ದದ್ದು ಇಂಗ್ಲಿಷಿನಲ್ಲಿ. ಮೂರು ಗಂಟೆ ಕೂತು ಪ್ರಬಂಧದಂಥ ಉತ್ತರ ಬರೆಯಬೇಕು. ಮೇಷ್ಟ್ರು ಎನ್‌ಸಿಇಆರ್‌ಟಿಯ ಹಳೇ ಪುಸ್ತಕಗಳನ್ನು ಕೊಟ್ಟರು. ರೊಮಿಲಾ ಥಾಪರ್, ಬಿಪನ್ ಚಂದ್ರ ಬರೆದವು. ಇಬ್ಬರೂ ಅದೇ ಜೆಎನ್‌ಯು ಇತಿಹಾಸ ವಿಭಾಗವನ್ನು ಕಟ್ಟಿದವರ ಸಾಲಿನವರು. ಶಾಲೆ ಮಕ್ಕಳಿಗೆಂದು ಬರೆದ ಇಂಗ್ಲಿಷ್, ಹಾಗಾಗಿ ನನಗೂ ದಕ್ಕಿತು. ಒಂದು ಪುಟ ಓದುವುದು, ಪುಸ್ತಕ ಮುಚ್ಚಿ ಅದನ್ನೇ ನನ್ನ ಮಾತಲ್ಲಿ ಬರೆಯುವುದು. ರಾತ್ರಿಯೆಲ್ಲ ಅದೇ ಕೆಲಸ.

ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಪರೀಕ್ಷೆ. ಊರಲ್ಲಿ ಆಲೂಗೆಡ್ಡೆ ಬಿತ್ತನೆಯ ಕಾಲ; ಬೀಜದ ಗೆಡ್ಡೆ ಹೆಚ್ಚುವ ಕೆಲಸ ಅಮ್ಮನ ಮೇಲೆ ಬಿಟ್ಟು ಹೊರಟೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲು ಎದೆ ಹಾರಿತು. ಆಮೇಲೆ ಒಂದು ಪ್ರಶ್ನೆ ಕಂಡಿತು: ಗುಡಿ ಕಟ್ಟಿಸುವುದು ರಾಜರ ಕೆಲಸ ಮಾತ್ರವಾಗಿತ್ತೇ ಎನ್ನುವ ಅರ್ಥದ್ದು. ನನಗೆ ನೆನಪಾದದ್ದು ದೊಡ್ಡಗದ್ದವಳ್ಳಿ. ಹಾಸನ–ಬೇಲೂರು ದಾರಿಯ ಆ ಲಕ್ಷ್ಮೀದೇವಿ ಗುಡಿಯನ್ನು 12ನೇ ಶತಮಾನದಲ್ಲಿ ಕಟ್ಟಿಸಿದವರು ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಮೇಷ್ಟ್ರು ತರಗತಿಗೇ ಹೊತ್ತು ತಂದು ತೋರಿಸಿದ್ದರು. ರಾಣಿಯಲ್ಲದ ಹೆಣ್ಣೊಬ್ಬಳ ಹೆಸರು ಗಂಡನ ಹೆಸರಿನ ಪಕ್ಕ ಕಲ್ಲಿನಲ್ಲಿ ಯಾಕೆ ನಿಂತಿತು, ಸಂತೆಯ ದುಡ್ಡು ಗುಡಿಗೆ ಹೇಗೆ ಬಂತು ಎಂದು ಬರೆಯುತ್ತಾ ಹೋದೆ. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿರಬೇಕು. ಪರವಾಗಿಲ್ಲ, ಹೇಳುವುದಕ್ಕೆ ನನ್ನ ಹತ್ತಿರ ವಿಷಯವಿತ್ತು.

ಆಲೂಗೆಡ್ಡೆಯ ಅಂಗಮಾರಿ ರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಪೋಸ್ಟಿನಲ್ಲಿ ಕಾಗದ ಬಂತು. ಆಯ್ಕೆಯಾಗಿದ್ದೆ. ಇನ್ನು ಓಡಾಟ. ಹೊರರಾಜ್ಯಕ್ಕೆ ಹೋಗುವವರು ತಪ್ಪದೆ ತರಬೇಕಾದ ಕಾಗದವೊಂದಿದೆ, ಮೈಗ್ರೇಷನ್ ಸರ್ಟಿಫಿಕೇಟು. ಅದಕ್ಕಾಗಿ ಮೈಸೂರು ವಿಶ್ವವಿದ್ಯಾಲಯದ ಕ್ರಾಫರ್ಡ್ ಹಾಲಿಗೆ ಹೋಗಿ ಬಂದದ್ದಾಯಿತು. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್. ಗುಂತಕಲ್ಲು, ರಾಯಚೂರು, ಗುಲ್ಬರ್ಗ ದಾಟುವವರೆಗೆ ಕಿಟಕಿಯಲ್ಲಿ ಅಲ್ಲಲ್ಲಿ ಕನ್ನಡದ ಬೋರ್ಡು ಕಾಣುತ್ತಿತ್ತು. ಆಮೇಲೆ ನಾನು, ಅಪ್ಪ, ಬುತ್ತಿಯ ರೊಟ್ಟಿ ಅಷ್ಟೇ. ಎರಡು ರಾತ್ರಿ ಕಳೆದು ದೆಹಲಿಯಲ್ಲಿ ಇಳಿದು, ಯಾರೋ ಹೇಳಿದಂತೆ 615ನೇ ನಂಬರಿನ ಬಸ್ಸು ಹತ್ತಿದೆವು.

ಕ್ಯಾಂಪಸ್ಸಿನಲ್ಲಿ ಹಾಸ್ಟೆಲುಗಳಿಗೆಲ್ಲ ನದಿಗಳ ಹೆಸರು. ಕಾವೇರಿ ಎಂಬ ಬೋರ್ಡು ಕಂಡು ಅಪ್ಪ ನಿಂತುಬಿಟ್ಟರು. "ನಮ್ಮ ಹೇಮಾವತಿ ಹೋಗಿ ಸೇರೋದು ಇದಕ್ಕೇ ಅಲ್ವೇನವ್ವ" ಅಂದರು. ಅದು ಹುಡುಗರ ಹಾಸ್ಟೆಲು, ನನ್ನ ಪಾಲಿಗೆ ಬಂದದ್ದು ಗೋದಾವರಿ. ಅಡ್ಮಿಷನ್ ನಡೆಯುವಲ್ಲಿ ವಿದ್ಯಾರ್ಥಿ ಸಂಘಟನೆಗಳು ಮೇಜು ಹಾಕಿಕೊಂಡು ಹೊಸಬರ ಅರ್ಜಿ ತುಂಬಿಕೊಡುತ್ತಿದ್ದವು. ನನ್ನ ಹಿಂದಿ ಸೊನ್ನೆ. ಆದರೂ ಒಬ್ಬಳು ಒಡಿಯಾ ಹುಡುಗಿ ಕೈಹಿಡಿದು ಕಿಟಕಿಯಿಂದ ಕಿಟಕಿಗೆ ಕರೆದೊಯ್ದಳು. ಎಂ.ಎ.ಯ ಬೋಧನಾ ಶುಲ್ಕ ವರ್ಷಕ್ಕೆ 216 ರೂಪಾಯಿ. ಇಬ್ಬರಿರುವ ಕೋಣೆಗೆ ತಿಂಗಳ ಬಾಡಿಗೆ 10 ರೂಪಾಯಿ. ಅಪ್ಪ ರಸೀದಿಯನ್ನು ಇನ್ನೊಮ್ಮೆ ಓದಿಸಿ ಕೇಳಿದರು, ಸೊನ್ನೆ ಬಿಟ್ಟುಹೋಗಿದೆಯೇನೋ ಎಂದು.

ನಾನು ಬುದ್ಧಿವಂತೆಯಾದ್ದರಿಂದಲೇ ಸೀಟು ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನಷ್ಟೇ ಬುದ್ಧಿವಂತರು ಅರಕಲಗೂಡು ತಾಲ್ಲೂಕಿನಲ್ಲಿ ಹೋಬಳಿಗೆ ಹತ್ತು ಮಂದಿ ಇದ್ದರು. ಅರ್ಜಿ ತರಿಸಿಕೊಟ್ಟ ಮೇಷ್ಟ್ರು, ಹಳ್ಳಿಯ ಹೆಣ್ಣಿನ ದಾರಿ ಉದ್ದವೆಂದು ಒಪ್ಪಿದ ನಿಯಮ, ಬಡವರ ಕೈಗೆಟುಕುವ ಫೀಜು, ಈ ಮೂರೂ ಒಟ್ಟಿಗೆ ಕೂಡಿಬಂದದ್ದು ನನ್ನ ಅದೃಷ್ಟ.

ಈಗ ಕ್ರಮ ಬದಲಾಗಿದೆ. 2022ರಿಂದ ಅಲ್ಲಿಗೂ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ. ಕಂಪ್ಯೂಟರ್ ಮುಂದೆ ಕೂತು ಸರಿಯುತ್ತರಕ್ಕೆ ಗುರುತು ಹಾಕುವುದು. ದೊಡ್ಡಗದ್ದವಳ್ಳಿಯ ಸಹಜಾದೇವಿಯ ಕತೆ ಬರೆಯಲು ಅದರಲ್ಲಿ ಜಾಗವಿಲ್ಲ, ಅದು ನಷ್ಟವೇ. ಆದರೆ ಪಿಯುಸಿ ಮುಗಿಸಿದವರು ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಎಂ.ಎ.ಗೆ ಹೋಗುವವರಿಗೆ ಇಂಗ್ಲಿಷ್ ಅಥವಾ ಹಿಂದಿ ಬೇಕು. ದೆಹಲಿ ದೂರ ಅನ್ನಿಸಿದರೆ ಕಲಬುರಗಿಯ ಕಡಗಂಚಿಯಲ್ಲಿರುವ ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅದೇ ಪರೀಕ್ಷೆ ನಡೆಯುತ್ತದೆ. ಎಂ.ಎ. ಅರ್ಜಿ ಕರೆಯುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ಡಿಗ್ರಿ ಮುಗಿಯಲೆಂದು ಕಾಯುತ್ತಾ ಕೂರಬೇಡಿ. ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಿ.