ಅಗರ್ ತಟ್ಟೆಯ ಗೆರೆ

ರೋಗದ ಕಾರಣ ತಿಳಿದ ಮೇಲೆ ಅದನ್ನು ಗುರುತಿಸುವ ಪರೀಕ್ಷೆ ರೂಪುಗೊಳ್ಳುವುದು ವೈದ್ಯಶಾಸ್ತ್ರದ ವಾಡಿಕೆಯಾದರೂ, ರಕ್ತ ಮತ್ತು ದೇಹದ್ರವಗಳ ಮೂಲಕ ಹರಡಿ ಯಕೃತ್ತಿಗೆ ಉರಿಯೂತ ತರುವ ಹೆಪಟೈಟಿಸ್ ಬಿ ಸೋಂಕಿನಲ್ಲಿ ಪರೀಕ್ಷೆಯೇ ಮೊದಲು ಬಂದಿತು. ಅದು ಯಾವುದರ ಪರೀಕ್ಷೆ ಎಂಬುದು ಕೆಲವು ವರ್ಷಗಳ ನಂತರವಷ್ಟೇ ಗೊತ್ತಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಹುಡುಕುತ್ತಿದ್ದುದು ಕಾಮಾಲೆಯ ಮೂಲವನ್ನಲ್ಲ, ಬೇರೆ ಬೇರೆ ಜನಸಮುದಾಯಗಳ ರಕ್ತದ ಪ್ರೋಟೀನುಗಳಲ್ಲಿರುವ ಆನುವಂಶಿಕ ವ್ಯತ್ಯಾಸಗಳನ್ನು. ಪದೇ ಪದೇ ಅನ್ಯರ ರಕ್ತ ಪಡೆದವರ ದೇಹವು ಅಪರಿಚಿತ ಪ್ರೋಟೀನುಗಳಿಗೆ ಎದುರಾಗಿ ಪ್ರತಿಕಾಯಗಳನ್ನು, ಅಂದರೆ ರಕ್ಷಕ ಪ್ರೋಟೀನುಗಳನ್ನು, ತಯಾರಿಸಿಕೊಂಡಿರುತ್ತದೆ ಎಂಬುದು ಅವರ ಊಹೆಯಾಗಿತ್ತು.

ಪರೀಕ್ಷೆಯ ಸಲಕರಣೆ ಅತಿ ಸರಳವಾದದ್ದು. ಚೀನಾಗ್ರಾಸ್ ಎಂದು ಅಡುಗೆಮನೆಗೂ ಪರಿಚಿತವಾದ ಅಗರನ್ನು ತೆಳುವಾಗಿ ಹರಡಿ, ಅದರಲ್ಲಿ ಪುಟ್ಟ ಗುಳಿಗಳನ್ನು ಕೊರೆದು, ಒಂದರಲ್ಲಿ ಪ್ರತಿಕಾಯವಿರುವ ಸೀರಮ್ಮನ್ನೂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವವನ್ನೂ) ಸುತ್ತಲಿನವುಗಳಲ್ಲಿ ಪರೀಕ್ಷಿಸಬೇಕಾದ ಸೀರಮ್ಮುಗಳನ್ನೂ ತುಂಬಿಟ್ಟರೆ, ಎರಡೂ ನಿಧಾನವಾಗಿ ಜಿನುಗಿ ಪರಸ್ಪರ ಹೊಂದುವಂಥವು ಸಂಧಿಸಿದಲ್ಲಿ ಒಂದು ಗೆರೆ ಮೂಡುತ್ತದೆ. ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ಕಾಯಿಲೆಯವರೊಬ್ಬರ ಸೀರಮ್ಮು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಮ್ಮಿನೊಡನೆ ಇಂಥ ಗೆರೆಯನ್ನು ಎಳೆಯಿತು. ಬ್ಲಂಬರ್ಗ್, ಹಾರ್ವೆ ಆಲ್ಟರ್ ಮತ್ತು ಸಂಗಡಿಗರು 1965ರಲ್ಲಿ ಇದನ್ನು ಪ್ರಕಟಿಸಿದಾಗ ಅವರ ಶಂಕೆ ಹೋದದ್ದು ರಕ್ತದ ಕ್ಯಾನ್ಸರಿನ ಕಡೆಗೆ.

ಗೆರೆಯ ಅರ್ಥ ಬಿಚ್ಚಿಕೊಂಡ ಬಗೆಯಲ್ಲಿ ತುಸು ವಿಧಿಯ ವ್ಯಂಗ್ಯವೂ ಇದೆ. 1967ರಲ್ಲಿ, ಫಿಲಡೆಲ್ಫಿಯಾದ ಬ್ಲಂಬರ್ಗ್ ಪ್ರಯೋಗಾಲಯದಲ್ಲಿ ಈ ಪ್ರತಿಜನಕವನ್ನು, ಎಂದರೆ ಪ್ರತಿಕಾಯವನ್ನು ಕೆರಳಿಸುವ ವಸ್ತುವನ್ನು, ಶುದ್ಧೀಕರಿಸುತ್ತಿದ್ದ ತಂತ್ರಜ್ಞೆ ಬಾರ್ಬರಾ ವರ್ನರ್ ಅಸ್ವಸ್ಥರಾಗಿ, ತಮ್ಮದೇ ಸೀರಮ್ಮನ್ನು ಗುಳಿಗೆ ಹಾಕಿಟ್ಟರು. ಮರುದಿನ ಬೆಳಿಗ್ಗೆ ಅಲ್ಲೊಂದು ಮಸುಕು ಗೆರೆಯಿತ್ತು, ಸ್ವಲ್ಪದರಲ್ಲೇ ಕಾಮಾಲೆಯೂ ಕಾಣಿಸಿಕೊಂಡಿತು. ಅವರು ಚೇತರಿಸಿಕೊಂಡರು. ಮುಂದೆ ನ್ಯೂಯಾರ್ಕಿನ ಆಲ್ಫ್ರೆಡ್ ಪ್ರಿನ್ಸ್, ಟೋಕಿಯೋದ ಕಾಜುವೊ ಒಕೋಚಿ ಅವರ ಸಂಶೋಧನೆಗಳು ಈ ನಂಟನ್ನು ದೃಢಪಡಿಸಿದವು. 1970ರಲ್ಲಿ ಲಂಡನ್ನಿನ ಡೇವಿಡ್ ಡೇನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಡಿಯ ವೈರಾಣುವನ್ನೇ ಕಂಡರು. ಬ್ಲಂಬರ್ಗರಿಗೆ 1976ರಲ್ಲಿ ನೊಬೆಲ್ ಬಂದಿತು.

ಹಳೆಯ ಗೆರೆಯ ವಂಶಸ್ಥ ಇಂದು ಬೆರಳುದ್ದದ ಪ್ಲಾಸ್ಟಿಕ್ ಕಾರ್ಡಿನಲ್ಲಿದೆ. ಅದರ ಕಿಟಕಿಯಲ್ಲಿ ‘ಸಿ’ ಎಂಬಲ್ಲಿ ಗೆರೆ ಬರಲೇಬೇಕು, ಬಾರದಿದ್ದರೆ ಆ ಪರೀಕ್ಷೆಯೇ ಅಸಿಂಧು ಎಂದರ್ಥ; ‘ಟಿ’ ಎಂಬಲ್ಲೂ ಬಂದರೆ ವೈರಾಣುವಿನ ಹೊರಕವಚದ ಪ್ರೋಟೀನು ಪತ್ತೆಯಾಗಿದೆ ಎಂದರ್ಥ. ಕಣ್ಣಿನ ಪೊರೆ ತೆಗೆಸುವ ಮುನ್ನ ಈ ಪರೀಕ್ಷೆಗೆ ಒಳಗಾದ ಪ್ರಬಂಧಕಾರನ ತಾಯಿ, ‘ಕಾಮಾಲೆಯೇ ಆಗದವಳಿಗೆ ಇದೆಲ್ಲ ಯಾತಕ್ಕಪ್ಪಾ?’ ಎಂದು ಕೇಳಿದ್ದುಂಟು. ಪ್ರಶ್ನೆ ಮುಗ್ಧವೆನಿಸಿದರೂ ಪರೀಕ್ಷೆಯ ಅಗತ್ಯವಿರುವುದು ಅಲ್ಲಿಯೇ, ಏಕೆಂದರೆ ವರ್ಷಗಟ್ಟಲೆ ಸೋಂಕನ್ನು ಹೊತ್ತವರಲ್ಲಿ ಬಹಳ ಮಂದಿಯ ಕಣ್ಣು ಹಳದಿಯಾಗುವುದೇ ಇಲ್ಲ, ಯಕೃತ್ತು ಮಾತ್ರ ಸದ್ದಿಲ್ಲದೆ ಸವೆಯುತ್ತಿರಬಹುದು. ಭಾರತದ ರಕ್ತನಿಧಿಗಳಲ್ಲಿ ದಾನವಾಗಿ ಬಂದ ಪ್ರತಿ ಘಟಕಕ್ಕೂ ಈ ತಪಾಸಣೆ ಕಡ್ಡಾಯವಾಗಿರುವುದೂ ಇದೇ ಕಾರಣಕ್ಕೆ.

ಅಂದಿನ ವರದಿಯಲ್ಲಿ ‘ನಾನ್ ರಿಯಾಕ್ಟಿವ್’ ಎಂದಿತ್ತು. ಮನೆಮಂದಿ ಅದನ್ನು ‘ಏನೂ ಇಲ್ಲ’ ಎಂದು ಓದಿಕೊಂಡರು. ತಾಯಿಯವರ ಮಟ್ಟಿಗೆ ಅದು ಸರಿಯೇ ಆದರೂ ಎಲ್ಲರಿಗೂ ಹಾಗೆ ಓದಲಾಗದು. ಸೋಂಕು ತಗಲಿದ ಮೊದಲ ವಾರಗಳಲ್ಲಿ ಕವಚದ ಪ್ರೋಟೀನು ಸಿಗುವಷ್ಟು ಇರುವುದಿಲ್ಲ. ಗುಣವಾಗುತ್ತಿರುವಾಗಲೂ ಅದು ಮರೆಯಾಗಿ, ಅದರ ವಿರುದ್ಧದ ಪ್ರತಿಕಾಯ ಇನ್ನೂ ಕಾಣಿಸದ ಒಂದು ನಡುಗಾಲವಿದ್ದು, ಆಗ ವೈರಾಣುವಿನ ತಿರುಳಿಗೆ ಎದುರಾದ ಪ್ರತಿಕಾಯವನ್ನು ಬೇರೆಯಾಗಿಯೇ ಹುಡುಕಬೇಕಾಗುತ್ತದೆ. ಫಲಿತಾಂಶ ‘ರಿಯಾಕ್ಟಿವ್’ ಆದರೂ ಆರು ತಿಂಗಳು ದಾಟಿ ಹಾಗೆಯೇ ಉಳಿದರೆ ಮಾತ್ರ ಸೋಂಕನ್ನು ದೀರ್ಘಕಾಲೀನವೆನ್ನುತ್ತಾರೆ, ಚಿಕಿತ್ಸೆ ಬೇಕೇ ಎಂಬುದನ್ನು ವೈರಾಣುವಿನ ಡಿಎನ್‌ಎ ಪ್ರಮಾಣ ಮತ್ತು ಯಕೃತ್ತಿನ ಸ್ಥಿತಿ ನೋಡಿ ನಿರ್ಧರಿಸುತ್ತಾರೆ. ಇಷ್ಟನ್ನೂ ವರದಿಯ ಅಡಿಯಲ್ಲಿ, ಕನ್ನಡದಲ್ಲಿ, ಪೊರೆ ಬಂದ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ ಮುದ್ರಿಸುವುದು ಪ್ರಯೋಗಾಲಯಗಳಿಗೆ ಹೆಚ್ಚಿನ ಖರ್ಚಿನ ಬಾಬ್ತೇನಲ್ಲ.