ಮಕ್ಕಳ ಒತ್ತಾಸೆ

ಮಹಾಭಾರತದ ಆದಿಪರ್ವದಲ್ಲಿ ಬರುವ ಅಣಿಮಾಂಡವ್ಯನ ಕಥೆಯನ್ನು ವಾಚಕರು ಬಲ್ಲರು. ತಾನು ಮಾಡದ ಕಳವಿಗಾಗಿ ಶೂಲಕ್ಕೇರಿದ ಆ ಋಷಿಯು ಧರ್ಮರಾಜನ ಸಭೆಗೆ ಹೋಗಿ, ಈ ಶಿಕ್ಷೆಯು ಏತಕ್ಕೆ ಬಂದಿತೆಂದು ಕೇಳಿದನು. ಬಾಲ್ಯದಲ್ಲಿ ಹುಳುಗಳನ್ನು ಹುಲ್ಲುಕಡ್ಡಿಯಿಂದ ಚುಚ್ಚಿದುದರ ಫಲವೆಂದು ಉತ್ತರ ಬಂದಿತು. ಅಷ್ಟು ಅಲ್ಪವಾದ ತಪ್ಪಿಗೆ ಇಷ್ಟು ದೊಡ್ಡ ದಂಡವೆ ಎಂದು ಕೆರಳಿದ ಮಾಂಡವ್ಯನು ಧರ್ಮನಿಗೆ ಶಾಪವಿತ್ತುದಲ್ಲದೆ, 14 ವರ್ಷ ತುಂಬುವವರೆಗೆ ಮಾಡಿದುದು ಪಾತಕವಾಗಲಾರದೆಂಬ ಮೇರೆಯನ್ನೂ ಹಾಕಿದನು. ಬಾಲ್ಯದ ಪರವಾಗಿ ಧರ್ಮಾಸನದ ಎದುರಿಗೆ ನಿಂತು ವಾದಿಸಿದವರಲ್ಲಿ ಇವನೇ ಮೊದಲಿಗನೆನ್ನಬಹುದು. ಆದರೆ ಅವನು ವಾದಿಸಿದ್ದು ಬೆಳೆದು ಋಷಿಯಾದ ಮೇಲೆ, ತಪಸ್ಸಿನ ಬಲ ಬಂದ ಮೇಲೆ. ಎಳೆಯ ವಯಸ್ಸಿನಲ್ಲಿಯೇ ಪೆಟ್ಟು ತಿಂದ ಮಗುವಿಗೆ ಆ ಬಲವು ಎಲ್ಲಿಂದ ಬರಬೇಕು?

ಅಮೆರಿಕದ ಸಿಯಾಟಲ್ ನಗರದಲ್ಲಿ ಡೇವಿಡ್ ಸೂಕಪ್ ಎಂಬ ನ್ಯಾಯಾಧೀಶರನ್ನು ಇಂಥದೇ ಪ್ರಶ್ನೆ ಕಾಡಿತು. ಹೆತ್ತವರ ಹಿಂಸೆಗೋ ಅಲಕ್ಷ್ಯಕ್ಕೋ ಈಡಾದ ಮಗುವು ಎಲ್ಲಿ ಬೆಳೆಯಬೇಕೆಂಬುದನ್ನು ಅವರು ತೀರ್ಮಾನಿಸಬೇಕಾಗಿತ್ತು. ಆ ಮಗುವನ್ನು ಹತ್ತಿರದಿಂದ ಕಂಡು ಅದರ ಹಿತವನ್ನು ಅರುಹುವವರು ಮಾತ್ರ ಸಾಲದಾಗಿದ್ದರು. 1977ರಲ್ಲಿ ಅವರು ಊರಿನ ಸಾಮಾನ್ಯ ನಾಗರಿಕರನ್ನೇ ಕರೆದು, ಶಿಕ್ಷಣ ಕೊಟ್ಟು, ಮಕ್ಕಳ ಪರವಾಗಿ ನಿಲ್ಲಿಸಿದರು. ಆ ಪದ್ಧತಿಯು ಅನಂತರ ಆ ದೇಶದಲ್ಲೆಲ್ಲ ಹರಡಿತು.

ಭಾರತದಲ್ಲಿ ಇದಕ್ಕೆ ಅತ್ಯಂತ ಸಮೀಪವಾದುದು 'ಬೆಂಬಲ ವ್ಯಕ್ತಿ'ಯ ಏರ್ಪಾಡು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯಿದೆಗೆ 2020ರಲ್ಲಿ ಮಾಡಿದ ನಿಯಮಗಳ ಮೇರೆಗೆ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ತನಿಖೆಯಿಂದ ವಿಚಾರಣೆಯ ಕೊನೆಯವರೆಗೆ ಮಗುವಿನ ಜೊತೆಗಿರಲು ಒಬ್ಬರನ್ನು ನೇಮಿಸಬಹುದು. ಇಂಥವರ ಅಗತ್ಯವನ್ನು ಪೋಷಕರ ಇಷ್ಟಕ್ಕೆ ಬಿಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಹೇಳಿತು. ಸಮಾಜಕಾರ್ಯವೇ ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ, ಇಲ್ಲವೆ ಪದವಿಯೊಡನೆ ಮಕ್ಕಳ ಶಿಕ್ಷಣ ಅಥವಾ ರಕ್ಷಣೆಯಲ್ಲಿ 3 ವರ್ಷದ ಅನುಭವ, ಇದು ಬೇಕಾದ ಅರ್ಹತೆ. ಹೀಗಿರಲು, ಪದವೀಧರನಾದ ನಿವೃತ್ತ ಉಪಾಧ್ಯಾಯನೊಬ್ಬನಿಗೆ ಈ ಬಾಗಿಲು ತೆರೆದೇ ಇದೆ.

ಅಂಥವನೊಬ್ಬನು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ ಈ ಕೆಲಸಕ್ಕೆ ಮುಂದಾದನೆಂದು ಇಟ್ಟುಕೊಳ್ಳೋಣ. ಅವನಿಗೆ ಮೊದಲು ಎದುರಾಗುವುದು ಕಾನೂನಿನ ತೊಡಕಲ್ಲ, ಊರಿನ ನೆಂಟಸ್ತಿಕೆ. ಹೋಬಳಿಯ ಊರಿನಲ್ಲಿ ಯಾರ ಮನೆಯ ಮಗುವೆಂಬುದು ಎಲ್ಲರಿಗೂ ಗೊತ್ತು. ಕೆಡುಕು ಮಾಡಿದವನೂ ಬಹುಮಟ್ಟಿಗೆ ಗೊತ್ತಿದ್ದವನೇ, ಕೆಲವು ವೇಳೆ ಮನೆಯವನೇ. ಮನೆಯ ಮಾನ ಹೋಗುವುದೆಂದು ಹಿರಿಯರು ಮಗುವಿನ ಬಾಯನ್ನು ಮುಚ್ಚಿಸುತ್ತಾರೆ. ಮಾನವೆಂಬುದು ಮಗುವಿಗೂ ಒಂದಿದೆಯೆಂದು ಆಗ ಯಾರಿಗೂ ತೋಚುವುದಿಲ್ಲ. ಅಪರಾಧವು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ಕಾಯಿದೆಯ ಪ್ರಕಾರ ಪ್ರತಿಯೊಬ್ಬನ ಕರ್ತವ್ಯ. ಅರಳಿಕಟ್ಟೆಯ ರಾಜಿಗೆ ಅಲ್ಲಿ ಎಡೆಯಿಲ್ಲ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯೂ ನಡೆಯುವುದುಂಟು. ಒಳ್ಳೆಯ ಏರ್ಪಾಡೇ ಸರಿ. ಶಾಲೆಯ ಗೋಡೆ ಸೋರುವುದನ್ನು ಮಗುವು ಅಲ್ಲಿ ಎದ್ದು ನಿಂತು ಹೇಳಬಲ್ಲದು. ಚಿಕ್ಕಪ್ಪನ ನಡತೆಯನ್ನು ಹೇಳಬಲ್ಲದೆ?

ಇನ್ನು ಶಿಕ್ಷಣದ ಮಾತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ 'ಸಂವಾದ್' ವಿಭಾಗವೂ ಮಕ್ಕಳ ರಕ್ಷಣೆಯಲ್ಲಿ ತೊಡಗುವವರಿಗೆ ತರಬೇತಿ ಕೊಡುತ್ತದೆ. ಮೇಷ್ಟರಿಗೆ ಇಂಥ ತರಬೇತಿಯು ಉಳಿದವರಿಗಿಂತ ಕಷ್ಟ. ಮೂವತ್ತು ವರ್ಷ ಪ್ರಶ್ನೆ ಕೇಳಿದ ನಾಲಗೆ ಅದು. ಸರಿಯುತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು, ಹುಡುಗನು ತಡವರಿಸಿದರೆ ಅರ್ಧವನ್ನು ತಾನೇ ಎತ್ತಿಕೊಟ್ಟು ಅಭ್ಯಾಸ. "ಅವನು ನಿನ್ನನ್ನು ಹೀಗೆ ಮಾಡಿದನಲ್ಲವೆ?" ಎಂದು ಕೇಳಿದರೆ ಮಗುವು ದೊಡ್ಡವರ ಮುಖ ನೋಡಿ ಹೌದೆನ್ನುತ್ತದೆ, ಆ ಹೌದು ನಾಳೆ ನ್ಯಾಯಾಲಯದಲ್ಲಿ ಒಂದು ಕಾಸಿಗೂ ಬಾಳದು. ಸಾಕ್ಷ್ಯವನ್ನು ಪಾಠ ಒಪ್ಪಿಸಿದಂತೆ ಕಲಿಸುವುದಂತೂ ಕೂಡದೇ ಕೂಡದು. "ಯಾರಿಗೂ ಹೇಳಬೇಡಿ, ಮೇಷ್ಟ್ರೆ" ಎಂದು ಮಗು ಬೇಡಿಕೊಂಡರೆ "ಆಗಲಿ" ಎಂದುಬಿಡುವುದು ಕರುಣೆಯಂತೆ ಕಾಣುತ್ತದೆ. "ನಿನ್ನನ್ನು ಕಾಪಾಡಬೇಕಾದವರಿಗೆ ಹೇಳಲೇಬೇಕಮ್ಮ. ಯಾರಿಗೆ ಹೇಳುತ್ತೇನೆಂಬುದನ್ನು ಮೊದಲು ನಿನಗೇ ತಿಳಿಸುತ್ತೇನೆ" ಎನ್ನುವುದು ನಿಜವಾದ ಉತ್ತರ. ಅವನಿಗೆ ಶಿಕ್ಷೆಯಾಗಿಯೇ ತೀರುತ್ತದೆಂದು ಮಾತು ಕೊಡುವಂತೆಯೂ ಇಲ್ಲ. ತೀರ್ಪು ಬೇರೆಯವರ ಕೈಯಲ್ಲಿದೆ.

ಕಾಯಿದೆಯಲ್ಲಿ ಬೇಕಾದಷ್ಟು ದಯೆಯಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದೆಡೆಯಲ್ಲೋ ಬರೆದುಕೊಳ್ಳಬೇಕು. ಸಾಧ್ಯವಾದ ಮಟ್ಟಿಗೆ ಬರೆದುಕೊಳ್ಳುವವರು ಸಬ್ ಇನ್ಸ್‌ಪೆಕ್ಟರಿಗಿಂತ ಕೆಳಗಿಲ್ಲದ ಮಹಿಳಾ ಅಧಿಕಾರಿಯಾಗಿರಬೇಕು, ಸಮವಸ್ತ್ರ ತೊಟ್ಟಿರಕೂಡದು. ರಾತ್ರಿ ಠಾಣೆಯಲ್ಲಿ ಮಗುವನ್ನು ಇರಿಸಿಕೊಳ್ಳುವಂತಿಲ್ಲ. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ತಲುಪಬೇಕು. ಆಪಾದಿತನು ಅದರ ಕಣ್ಣಿಗೆ ಬೀಳಬಾರದು. ನಡುನಡುವೆ ವಿರಾಮ ಕೊಡಬೇಕು. ಆದರೆ ಪುಸ್ತಕದಲ್ಲಿರುವ ದಯೆಯನ್ನು ಕೇಳಿ ಪಡೆಯಬೇಕಾಗುತ್ತದೆ. ಬಾಯಾರಿದೆ, ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಎಂಟು ವರ್ಷದ ಹುಡುಗಿಯು ನ್ಯಾಯಾಧೀಶರಿಗೆ ಹೇಳುವಳೆ? ಹೇಳಬಹುದೆಂದು ಅವಳಿಗೆ ಮುಂಚೆಯೇ ತಿಳಿಸಿಕೊಟ್ಟವರೊಬ್ಬರು ಇದ್ದರೆ ಹೇಳಿಯಾಳು.

ಹೆಸರು ಹೊರಬೀಳಬಾರದೆಂಬ ವಿಧಿಯು ಹಳ್ಳಿಯಲ್ಲಿ ಎಲ್ಲಕ್ಕಿಂತ ಕಠಿನವಾದುದು. ಜೀಪು ಯಾವ ಬೀದಿಯಲ್ಲಿ ನಿಂತಿತೆಂಬುದೇ ಅಲ್ಲಿ ಡಂಗುರ. ಆದುದರಿಂದ ಬೆಂಬಲ ವ್ಯಕ್ತಿಯು ಕಾಫಿ ಹೋಟೆಲಿನ ಬೆಂಚಿನ ಮೇಲೂ ಮೌನವಾಗಿರಲು ಕಲಿಯಬೇಕು. ಹಿರಿಯ ಉಪಾಧ್ಯಾಯರಿಗೆ ಇದು ಕಡಮೆ ತಪಸ್ಸೇನೂ ಅಲ್ಲ.

ಪೋಕ್ಸೊ ಕಾಯಿದೆಗೆ ಒಳಪಡದ ಮಕ್ಕಳೂ ಇದ್ದಾರೆ: ಕುಡುಕ ತಂದೆಯ ಏಟು ತಿನ್ನುವವರು, ಯಾರೂ ಕೇಳದೆ ಬಿಟ್ಟವರು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಗುವನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ದೂರವಾಣಿಯಲ್ಲಿ ತಿಳಿಸಲು 1098 ಎಂಬ ಸಂಖ್ಯೆಯಿದೆ.

ವಿಚಾರಣೆಯನ್ನು ವರ್ಷದೊಳಗೆ, ಸಾಧ್ಯವಾದ ಮಟ್ಟಿಗೆ, ಮುಗಿಸಬೇಕೆಂದು ಕಾಯಿದೆ ಹೇಳುತ್ತದೆ. ಅದು ಮುಗಿಯುವವರೆಗೂ ಬೆಂಬಲ ವ್ಯಕ್ತಿಯಿಂದ ಸಮಿತಿಗೆ ತಿಂಗಳಿಗೊಂದು ವರದಿ ಹೋಗಬೇಕು. ಅದರಲ್ಲಿ ಸಾಕ್ಷ್ಯದ ವಿಮರ್ಶೆಗೆ ಸ್ಥಳವಿಲ್ಲ. ಮಗುವಿನ ಮೈ ಮನಸ್ಸು ಹೇಗಿವೆ, ಮನೆಯ ಪರಿಸ್ಥಿತಿ ಏನು ಎಂಬಷ್ಟೆ. ರಾತ್ರಿ ಬೆಚ್ಚಿ ಏಳುತ್ತಾಳೆಯೆ, ಊಟ ಸೇರುತ್ತದೆಯೆ, ಶಾಲೆಗೆ ಹೋಗುತ್ತಿದ್ದಾಳೆಯೆ, ಹೋದರೆ ಅವಳ ಪಕ್ಕದಲ್ಲಿ ಯಾರಾದರೂ ಕೂರುತ್ತಾರೆಯೆ ಎಂದು ಕಂಡು ಬರೆಯುವುದಕ್ಕೆ ಮುಂದಿನ ತಿಂಗಳೂ ಅದೇ ಮನೆಯ ಜಗಲಿಯ ಮೇಲೆ ಹೋಗಿ ಕುಳಿತುಕೊಳ್ಳಬೇಕು.